ಸೇವೆಗೆ ಬಂದವನು ಕೂಲಿ ಕೇಳಬಾರದೇ?

'ಸ್ವಯಂಸೇವಕ' ಎಂಬ ಪದ ಕಿವಿಗೆ ಬಿದ್ದೊಡನೆ ಕನ್ನಡಿಗರಾದ ನಮ್ಮ ಮನಸ್ಸಿನಲ್ಲಿ ಸಂಬಳವಿಲ್ಲದೆ ದುಡಿಯುವವನೊಬ್ಬನ ಚಿತ್ರ ಮೂಡುತ್ತದೆ. ಧರ್ಮಕೇಂದ್ರದ ಹಬ್ಬಕ್ಕೆ ಚಪ್ಪರ ಕಟ್ಟುವ ಯುವಕರು, ತೇರಿನ ಮುಂದೆ ಜನಸಂದಣಿಯನ್ನು ಸರಿಪಡಿಸುವವರು, ಊಟದ ಪಂಕ್ತಿಯಲ್ಲಿ ಬಡಿಸುವವರು ಇವರೇ ನಮಗೆ ಗೊತ್ತಿರುವ ಸ್ವಯಂಸೇವಕರು. ಕೊನೆಯಲ್ಲಿ ಅವರಿಗೊಂದು ವಂದನಾರ್ಪಣೆ, ಒಂದು ಊಟ. ಅಲ್ಲಿಗೆ ಲೆಕ್ಕ ಚುಕ್ತಾ. ಇದೇ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಥೆಯನ್ನು ಓದಹೊರಟರೆ ದಾರಿ ತಪ್ಪುವುದು ಖಂಡಿತ. ಕಾಯಂ ಸೇನೆಗೆ ಸೇರದೆ, ಕಡ್ಡಾಯ ಭರ್ತಿಯ ಚೀಟಿಗೂ ಕಾಯದೆ, ತಾನಾಗಿ ಮುಂದೆ ಬಂದು, ಸಾಮಾನ್ಯವಾಗಿ ಮೂರು ವರ್ಷಗಳ ಅವಧಿಗೆ ಹೆಸರು ಬರೆಯಿಸಿ, ರಾಜ್ಯವೊಂದು ಕಟ್ಟಿದ ರೆಜಿಮೆಂಟಿನಲ್ಲಿ ಸೇರಿ ಹೋರಾಡಿದವನೇ ಅಲ್ಲಿಯ 'ಸ್ವಯಂಸೇವಕ ಕಾಲ್ದಳ'ದ ಸೈನಿಕ. ಅವನಿಗೆ ಸಮವಸ್ತ್ರವಿತ್ತು, ಪಡಿಯಿತ್ತು, ತಿಂಗಳ ಸಂಬಳವಿತ್ತು. ಸ್ವಇಚ್ಛೆಯಿಂದ ಬಂದವನೆಂಬುದು ಅವನ ಸಂಬಳಕ್ಕೆ ಅಡ್ಡಿಯಾಗಿರಲಿಲ್ಲ. ಅಡ್ಡಿಯಾದದ್ದು ಕೆಲವರ ಮೈಬಣ್ಣ.

ಮಸಾಚುಸೆಟ್ಸ್ ರಾಜ್ಯದ 54ನೆಯ ಸ್ವಯಂಸೇವಕ ಕಾಲ್ದಳದ ಹೆಸರನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. 1989ರಲ್ಲಿ ತೆರೆಕಂಡ 'ಗ್ಲೋರಿ' ಎಂಬ ಹಾಲಿವುಡ್ ಚಲನಚಿತ್ರ ಇವರದೇ ಕಥೆ. ಕಪ್ಪು ಸೈನಿಕರು ಶತ್ರುಕೋಟೆಯ ಮೇಲೆ ನುಗ್ಗಿ ಪ್ರಾಣ ತೆತ್ತರೆಂಬ ಆ ಕಥೆಯನ್ನು ಕೇಳಿ ಕಣ್ಣೊರೆಸಿಕೊಂಡವರು ಬಹಳ. ಅದರಿಂದ ತ್ಯಾಗದ ಪಾಠವನ್ನು ಹೆಕ್ಕಿ ಹೇಳುವವರೂ ಬಹಳ: ಏನನ್ನೂ ಕೇಳದೆ ಎಲ್ಲವನ್ನೂ ಕೊಟ್ಟರು, ಸೇವೆಯೆಂದರೆ ಇದು, ಎಂದು. ಈ ಪಾಠಕ್ಕೆ ನನ್ನ ತಕರಾರಿದೆ. ಅವರು ಕೇಳಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ, ಬಿಡದೆ, ಬರಹದಲ್ಲಿಯೂ ಬಾಯಿಮಾತಿನಲ್ಲಿಯೂ ಕೇಳಿದರು. ಕೇಳಿದ್ದು ತಮ್ಮ ಸಂಬಳವನ್ನು. ಆ ಕೇಳಿಕೆಯನ್ನು ಬದಿಗಿಟ್ಟು ಅವರ ಸಾವನ್ನು ಮಾತ್ರ ಕೊಂಡಾಡುವುದು ಸತ್ತವರಿಗೆ ನಾವು ಮಾಡುವ ಎರಡನೆಯ ಅನ್ಯಾಯ.

ಮೊದಲು ಆ ಜನರು ಯಾರೆಂದು ತಿಳಿಯೋಣ. 1863ರ ಆರಂಭದಲ್ಲಿ ಗವರ್ನರ್ ಜಾನ್ ಆಂಡ್ರೂ ಅವರು ಕಪ್ಪು ಜನರ ರೆಜಿಮೆಂಟೊಂದನ್ನು ಕಟ್ಟಲು ಅನುಮತಿ ಪಡೆದರು. ಮಸಾಚುಸೆಟ್ಸಿನಲ್ಲಿ ಅಷ್ಟು ಮಂದಿ ಕಪ್ಪು ಯುವಕರಿರಲಿಲ್ಲವಾಗಿ ಪೆನ್ಸಿಲ್ವೇನಿಯ, ನ್ಯೂಯಾರ್ಕ್, ಒಹಾಯೊ ಮೊದಲಾದ ಕಡೆಗಳಿಂದಲೂ ಜನ ಬಂದರು. ಚಲನಚಿತ್ರವು ತೋರಿಸುವಂತೆ ಹೆಚ್ಚಿನವರು ಓಡಿಬಂದ ಗುಲಾಮರಲ್ಲ. ಉತ್ತರದಲ್ಲಿ ಸ್ವತಂತ್ರರಾಗಿ ಬಾಳಿದವರು, ಕ್ಷೌರಿಕರು, ನಾವಿಕರು, ರೈತರು, ಕೂಲಿಗಳು, ಅವರಲ್ಲಿ ಅನೇಕರು ಅಕ್ಷರಸ್ಥರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ಮಹಾ ವಾಗ್ಮಿಯಾದ ಫ್ರೆಡರಿಕ್ ಡಗ್ಲಸ್ ಅವರು ಇದರ ಭರ್ತಿಗಾಗಿ ಊರೂರು ತಿರುಗಿದರು. ತಮ್ಮ ಇಬ್ಬರು ಮಕ್ಕಳನ್ನೂ ಸೇರಿಸಿದರು. ಬಿಳಿಯ ಸೈನಿಕನಿಗೆ ಸಿಗುವ ಸಂಬಳ, ಪಡಿ, ರಕ್ಷಣೆ ಎಲ್ಲವೂ ನಿಮಗೂ ಸಿಗುವುದೆಂದು ಅವರು ಕೊಟ್ಟ ಭರವಸೆ ಸರ್ಕಾರವೇ ಕೊಡಿಸಿದ ಭರವಸೆಯಾಗಿತ್ತು. ಅದಕ್ಕೆ ಪ್ರತಿಯಾಗಿ ಈ ಜನ ಹೊತ್ತದ್ದು ಬಿಳಿಯ ಸೈನಿಕನು ಹೊರದ ಅಪಾಯ. ದಂಗೆಯೆದ್ದ ದಕ್ಷಿಣದ ರಾಜ್ಯಗಳು, ಸೆರೆಸಿಕ್ಕ ಕಪ್ಪು ಸೈನಿಕರನ್ನು ಯುದ್ಧಕೈದಿಗಳೆಂದು ಪರಿಗಣಿಸದೆ ಆಯಾ ರಾಜ್ಯದ ಕೈಗೊಪ್ಪಿಸುವುದಾಗಿಯೂ, ಅವರ ಬಿಳಿಯ ಅಧಿಕಾರಿಗಳಿಗೆ ಮರಣದಂಡನೆ ವಿಧಿಸಬಹುದೆಂದೂ ಸಾರಿದ್ದವು. ಇದು ಗೊತ್ತಿದ್ದೇ ಅವರು ಹೆಸರು ಬರೆಯಿಸಿದರು. 1863ರ ಮೇ 28ರಂದು ಕರ್ನಲ್ ರಾಬರ್ಟ್ ಗೂಲ್ಡ್ ಶಾ ಎಂಬ ತರುಣ ಅಧಿಕಾರಿಯ ನಾಯಕತ್ವದಲ್ಲಿ ಬಾಸ್ಟನ್ ನಗರದಿಂದ ಹಡಗು ಹತ್ತಿದರು.

ದಕ್ಷಿಣಕ್ಕೆ ಹೋದ ಮೇಲೆ ಲೆಕ್ಕ ಬೇರೆಯಾಯಿತು. ಬಿಳಿಯ ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಸಂಬಳ. ಅದರ ಮೇಲೆ ಬಟ್ಟೆಯ ಭತ್ಯೆ ಮೂರೂವರೆ ಡಾಲರ್. ಆದರೆ 1862ರ ಜುಲೈ 17ರ ಮಿಲಿಷಿಯ ಕಾಯಿದೆಯಲ್ಲಿ, ಸೈನ್ಯದ ಕೆಲಸಕ್ಕೆ ನೇಮಕಗೊಳ್ಳುವ ಆಫ್ರಿಕ ಮೂಲದವರಿಗೆ ತಿಂಗಳಿಗೆ 10 ಡಾಲರ್ ಕೊಡತಕ್ಕದ್ದು, ಅದರಲ್ಲಿ 3 ಡಾಲರನ್ನು ಬಟ್ಟೆಗೆಂದು ಹಿಡಿಯಬಹುದು ಎಂದಿತ್ತು. ಅವರು ಮಣ್ಣು ಅಗೆಯುವವರು, ಮೂಟೆ ಹೊರುವವರು ಎಂಬ ಎಣಿಕೆಯಲ್ಲಿ ಬರೆದ ಮಾತು ಅದು. ಯುದ್ಧ ಇಲಾಖೆಯ ಕಾನೂನು ಪಂಡಿತರು ಅದನ್ನೇ ಬಂದೂಕು ಹಿಡಿದವರಿಗೂ ಅನ್ವಯಿಸಿದರು. ಕೈಗೆ ಬರುವುದು ಏಳು ಡಾಲರ್. ಸಾರ್ಜೆಂಟ್ ಆಗಿ ಬಡ್ತಿ ಪಡೆದರೂ ಅದೇ ಏಳು. ಅಂದರೆ ಸರ್ಕಾರವು ಅವನ ಕೆಲಸವನ್ನು ಅಳೆಯಲಿಲ್ಲ, ಅವನ ಹುದ್ದೆಯನ್ನೂ ನೋಡಲಿಲ್ಲ. ಅವನ ಅಜ್ಜ ಮುತ್ತಜ್ಜಂದಿರು ಯಾವ ಖಂಡದವರೆಂದು ಕೇಳಿ ಸಂಬಳ ಗೊತ್ತುಮಾಡಿತು. ಇದನ್ನು ಕೇಳಿದ ಕರ್ನಲ್ ಶಾ, ಒಪ್ಪಂದದಂತೆ ಸಂಬಳ ಕೊಡಿ, ಇಲ್ಲವೇ ಈ ಜನರನ್ನು ಸೇವೆಯಿಂದ ಬಿಡುಗಡೆ ಮಾಡಿ ಎಂಬ ಅರ್ಥದಲ್ಲಿ ಗವರ್ನರರಿಗೆ ಪತ್ರ ಬರೆದರು. ಅನ್ಯಾಯ ಸರಿಯಾಗುವ ಮೊದಲೇ ಅವರ ಆಯುಸ್ಸು ಮುಗಿದಿತ್ತು.

1863ರ ಜುಲೈ 18ರ ಸಂಜೆ, ದಕ್ಷಿಣ ಕೆರೊಲೈನದ ಚಾರ್ಲ್ಸ್ಟನ್ ಬಂದರನ್ನು ಕಾಯುತ್ತಿದ್ದ ವ್ಯಾಗ್ನರ್ ಕೋಟೆಯ ಮೇಲೆ ನಡೆದ ದಾಳಿಯಲ್ಲಿ 54ನೆಯ ದಳವೇ ಮುಂಚೂಣಿ. ಹಿಂದಿನ ಎರಡು ದಿನ ಸರಿಯಾದ ಊಟ ನಿದ್ದೆಗಳಿಲ್ಲ. ಒಂದು ಕಡೆ ಕಡಲು, ಮತ್ತೊಂದು ಕಡೆ ಜವುಗು, ನಡುವೆ ಇಕ್ಕಟ್ಟಾದ ಮರಳ ಹಾದಿ. ಸುಮಾರು 600 ಮಂದಿ ನುಗ್ಗಿದರು; ಅವರಲ್ಲಿ 270ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು, ಸೆರೆಯಾದರು ಅಥವಾ ಕಾಣೆಯಾದರು. ಕರ್ನಲ್ ಶಾ ಕೋಟೆಯ ಗೋಡೆಯ ಮೇಲೆಯೇ ಮಡಿದರು. ಶತ್ರುಗಳು ಅವರ ದೇಹವನ್ನು ಅವರ ಕಪ್ಪು ಸೈನಿಕರೊಡನೆ ಒಂದೇ ಗುಂಡಿಯಲ್ಲಿ ಹೂಳಿದರು. ಅವಮಾನವೆಂದು ಭಾವಿಸಿ ಮಾಡಿದ ಆ ಕೆಲಸವನ್ನು ಮೃತನ ತಂದೆ ಗೌರವವೆಂದೇ ಸ್ವೀಕರಿಸಿ, ಮಗನ ದೇಹವನ್ನು ಅಲ್ಲಿಂದ ಕದಲಿಸಬಾರದೆಂದು ತಿಳಿಸಿದರು. ಧ್ವಜವನ್ನು ನೆಲಕ್ಕೆ ಮುಟ್ಟಿಸದೆ, ಮೈತುಂಬ ಗಾಯಗಳೊಡನೆ ತೆವಳಿಕೊಂಡು ಹಿಂದಕ್ಕೆ ತಂದ ಸಾರ್ಜೆಂಟ್ ವಿಲಿಯಂ ಕಾರ್ನಿ ಗುಲಾಮನಾಗಿ ಹುಟ್ಟಿದವನು. ಧರ್ಮಸೇವೆಗೆ ಸಿದ್ಧನಾಗಬೇಕೆಂಬ ಆಸೆಯಿದ್ದ ಈ ತರುಣ, ದೇಶಕ್ಕೂ ನೊಂದ ತನ್ನ ಸಹೋದರರಿಗೂ ಸೇವೆ ಸಲ್ಲಿಸುವುದೇ ಸದ್ಯಕ್ಕೆ ದೇವರ ಸೇವೆಯೆಂದು ಬಗೆದು ಸೈನ್ಯ ಸೇರಿದ್ದ. ಇಂಥವನ ಮುಂದೆಯೂ ಏಳು ಡಾಲರೇ ಬಂದು ನಿಂತಿತು. ಅವನ ಶೌರ್ಯಕ್ಕೆ ಅಮೆರಿಕದ ಅತ್ಯುನ್ನತ ಪದಕ ದೊರೆತದ್ದು 1900ರಲ್ಲಿ, 37 ವರ್ಷಗಳ ನಂತರ.

ಚಲನಚಿತ್ರ ಕೋಟೆಯ ಬುಡದಲ್ಲಿಯೇ ಮುಗಿಯುತ್ತದೆ. ಸಂಬಳದ ಜಗಳವನ್ನು ಅದು ತರಬೇತಿಯ ದಿನಗಳಿಗೆ ಎಳೆದು ತಂದು, ಚೀಟಿ ಹರಿಯುವ ಒಂದು ದೃಶ್ಯದಲ್ಲಿ ಮುಗಿಸಿಬಿಡುತ್ತದೆ. ಸೈನಿಕರ ನಿಜವಾದ ಹೋರಾಟ ದಾಳಿಯ ನಂತರದ್ದು. ಬಟವಾಡೆಯ ಅಧಿಕಾರಿ ಹಣದ ಪೆಟ್ಟಿಗೆಯೊಡನೆ ಬಂದಾಗಲೆಲ್ಲ ಇಡೀ ರೆಜಿಮೆಂಟು ಹಣ ಮುಟ್ಟದೆ ಹಿಂದಿರುಗಿತು. ಒಂದು ಸೂಕ್ಷ್ಮವನ್ನು ಇಲ್ಲಿ ಗಮನಿಸಬೇಕು: ಅವರು ಕೆಲಸ ನಿಲ್ಲಿಸಲಿಲ್ಲ. ಸೆಪ್ಟೆಂಬರಿನಲ್ಲಿ ಶತ್ರುಗಳು ವ್ಯಾಗ್ನರ್ ಕೋಟೆಯನ್ನು ತೊರೆಯುವವರೆಗೆ ಗುಂಡಿನ ಮಳೆಯಲ್ಲಿಯೇ ಕಂದಕ ತೋಡಿದರು. 1864ರ ಫೆಬ್ರವರಿ 20ರಂದು ಫ್ಲಾರಿಡದ ಒಲಸ್ಟಿಯಲ್ಲಿ ಸೋತು ಹಿಮ್ಮೆಟ್ಟುತ್ತಿದ್ದ ಸೈನ್ಯಕ್ಕೆ ಬೆನ್ನುಗಾವಲಾಗಿ ನಿಂತರು. ತಿಂಗಳಿಗೆ ಏಳು ಡಾಲರ್ ಎಂದು ತಮ್ಮನ್ನು ತಾವೇ ಅಣಕಿಸಿ ಕೂಗುತ್ತ ರಣರಂಗಕ್ಕೆ ಇಳಿದರಂತೆ. ಗಾಯಾಳುಗಳಿದ್ದ ರೈಲಿನ ಎಂಜಿನ್ ಕೆಟ್ಟು ನಿಂತಾಗ ಗಾಡಿಗಳಿಗೆ ಹಗ್ಗ ಕಟ್ಟಿ ಎಳೆದವರೂ ಇವರೇ. ಆ ಹಗ್ಗ ಎಳೆದ ಒಬ್ಬನ ಕೈಯಲ್ಲಿಯೂ ಸರ್ಕಾರದ ಒಂದು ತಿಂಗಳ ಸಂಬಳವಿರಲಿಲ್ಲ.

ಊರಿನಲ್ಲಿ ಹೆಂಡತಿ ಮಕ್ಕಳಿದ್ದರು. ನಮ್ಮ ಧರ್ಮಕೇಂದ್ರಗಳ ತಾಯಂದಿರು ಈ ಭಾಗವನ್ನು ನನಗಿಂತ ಚೆನ್ನಾಗಿ ಬಲ್ಲರು. ಗಂಡ ದೂರದಲ್ಲಿ ದುಡಿಯುತ್ತಾನೆ, ತಿಂಗಳು ತುಂಬುತ್ತದೆ, ಹಣ ಬರುವುದಿಲ್ಲ. ಮನೆಯ ಬಾಡಿಗೆ, ಅಂಗಡಿಯ ಸಾಲ, ಚಳಿಗಾಲದ ಸೌದೆ ಯಾವುದೂ ತತ್ತ್ವವನ್ನು ಕೇಳಿ ಸುಮ್ಮನಾಗುವುದಿಲ್ಲ. ಏಳು ಡಾಲರನ್ನಾದರೂ ತೆಗೆದುಕೊಂಡು ಮನೆಗೆ ಕಳಿಸಬಾರದಾಗಿತ್ತೇ ಎಂದು ಯಾರಾದರೂ ಕೇಳಿದರೆ ಅದು ತಪ್ಪು ಪ್ರಶ್ನೆಯಲ್ಲ. ಆ ಸೈನಿಕರು ರಾತ್ರಿಯೆಲ್ಲ ತಮ್ಮನ್ನು ತಾವು ಕೇಳಿಕೊಂಡ ಪ್ರಶ್ನೆಯೂ ಅದೇ ಆಗಿದ್ದಿರಬೇಕು. ಆದರೆ ಏಳಕ್ಕೆ ಕೈಯೊಡ್ಡಿ ಸಹಿ ಹಾಕಿದರೆ, ತಾವು ಏಳರ ಮನುಷ್ಯರೆಂದು ತಾವೇ ಬರೆದುಕೊಟ್ಟಂತೆ. ಅವರ ಮಕ್ಕಳಿಗೂ ಅದೇ ಬೆಲೆ ನಿಲ್ಲುತ್ತಿತ್ತು.

1863ರ ನವೆಂಬರಿನಲ್ಲಿ ಮಸಾಚುಸೆಟ್ಸಿನ ಶಾಸನಸಭೆಗೆ ನಾಚಿಕೆಯಾಗಿ, ಕಡಿಮೆಬಿದ್ದ ಹಣವನ್ನು ರಾಜ್ಯದ ಬೊಕ್ಕಸದಿಂದಲೇ ತುಂಬಿಕೊಡುವುದೆಂದು ಕಾಯಿದೆ ಮಾಡಿತು. ಹಣದ ಮಟ್ಟಿಗೆ ತೊಂದರೆ ಅಲ್ಲಿಗೆ ತೀರಿತ್ತು. ಸೈನಿಕರು ಅದನ್ನೂ ಬೇಡವೆಂದರು. ತಮ್ಮನ್ನು ಯುದ್ಧಕ್ಕೆ ಕಳಿಸಿದ್ದು ದೇಶ, ಕೊಡಬೇಕಾದದ್ದೂ ದೇಶವೇ. ಇನ್ನೊಬ್ಬರ ಔದಾರ್ಯದಿಂದ ಅದರ ಸಾಲ ತೀರುವುದಿಲ್ಲ ಎಂಬುದು ಅವರ ವಾದ. ಹಸಿದವನ ಜಂಭವೆಂದು ಆಗಲೂ ಕೆಲವರು ಆಡಿಕೊಂಡರು. ನನಗಂತೂ ಈ ಇಡೀ ಚರಿತ್ರೆಯಲ್ಲಿ ವ್ಯಾಗ್ನರ್ ಕೋಟೆಯ ಗೋಡೆಗಿಂತ ಎತ್ತರವಾಗಿ ಕಾಣುವುದು ಈ ನಿರಾಕರಣೆ. ದಾನ ಮಾಡುವುದರಲ್ಲಿ ಕ್ರೈಸ್ತರಾದ ನಾವು ಹಿಂದೆ ಬಿದ್ದವರಲ್ಲ. ಕೊಡಬೇಕಾದದ್ದನ್ನು ಕೊಡುವ ವಿಷಯ ಬಂದಾಗ ಮಾತ್ರ ನಮ್ಮ ಕೈ ತಡೆಯುತ್ತದೆ. ಏಕೆಂದರೆ ದಾನ ಕೊಟ್ಟಾಗ ಪಡೆದವನು ಕೈಮುಗಿಯುತ್ತಾನೆ, ಬಾಕಿ ಕೊಟ್ಟಾಗ ಎಣಿಸಿ ನೋಡಿಕೊಳ್ಳುತ್ತಾನೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯು ತಾನೇ ಬಾಯಿಬಿಟ್ಟು ದೇವರಿಗೆ ಮೊರೆಯಿಡುತ್ತದೆಂಬ ಅರ್ಥದ ಎಚ್ಚರಿಕೆಯನ್ನು ಯಾಕೋಬನ ಪತ್ರದಲ್ಲಿ ಓದಿದವರು ನಾವು. ಆ ಕೂಲಿಗೆ ಬದಲಾಗಿ ಬೇರೊಬ್ಬರು ಅನ್ನಸಂತರ್ಪಣೆ ಮಾಡಿಸಿದರೆ ಮೊರೆ ನಿಲ್ಲುತ್ತದೆಂದು ಅಲ್ಲಿ ಹೇಳಿಲ್ಲ.

ಪ್ರತಿಫಲ ಬಯಸದೆ ಮಾಡುವ ಸೇವೆ ದೊಡ್ಡದೇ. ಅದನ್ನು ನಾನು ಹೀಗಳೆಯುತ್ತಿಲ್ಲ. ಆದರೆ ತನ್ನ ಕೂಲಿಯನ್ನು ಬಿಟ್ಟುಕೊಡುವ ಹಕ್ಕು ದುಡಿದವನದು. ಅವನ ಪರವಾಗಿ ದುಡಿಸಿಕೊಂಡವನೇ ಅದನ್ನು ಬಿಟ್ಟುಕೊಟ್ಟು, ಅದಕ್ಕೆ 'ತ್ಯಾಗ'ವೆಂದು ಹೆಸರಿಟ್ಟರೆ ಅದನ್ನು ಕಳವು ಎನ್ನದೆ ಬೇರೇನೆನ್ನಬೇಕು? ದಕ್ಷಿಣದ ತೋಟಗಳಲ್ಲಿ ಇದೇ ಕಳವು ತಲೆತಲಾಂತರ ನಡೆದಿತ್ತು. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂಬ ಪೌಲನ ಉಪದೇಶವನ್ನು ಗುಲಾಮರಿಗೆ ಓದಿ ಹೇಳಲು ಬೋಧಕರ ಕೊರತೆಯಿರಲಿಲ್ಲ. ಒಡೆಯರಿಗೆ ಯಾಕೋಬನನ್ನು ಓದಿ ಹೇಳುವವರು ವಿರಳ. ಹಾಗಿರುವಾಗ ಆ ಗುಲಾಮಗಿರಿಯನ್ನು ಮುರಿಯಹೊರಟ ಸರ್ಕಾರವೇ ಕಪ್ಪು ಮನುಷ್ಯನ ಅರ್ಧ ದುಡಿಮೆಯನ್ನು ಪುಕ್ಕಟೆಯಾಗಿ ಪಡೆಯಲು ನೋಡಿದ್ದು ಚಿಕ್ಕ ತಪ್ಪೇ?

ಸೈನ್ಯಕ್ಕೆ ಶಿಸ್ತು ಮುಖ್ಯ, ಸೈನಿಕನು ಲೆಕ್ಕ ಕೇಳಲು ತೊಡಗಿದರೆ ಯುದ್ಧ ನಡೆಯುವುದು ಹೇಗೆ, ಎಂಬ ಆಕ್ಷೇಪವಿದೆ. ಇದಕ್ಕೆ ಸಾರ್ಜೆಂಟ್ ವಿಲಿಯಂ ವಾಕರನ ಗೋರಿಯೇ ಉತ್ತರ ಕೊಡಬೇಕು. ದಕ್ಷಿಣ ಕೆರೊಲೈನದ 3ನೆಯ ಸ್ವಯಂಸೇವಕ ಕಾಲ್ದಳ ಬಿಡುಗಡೆಗೊಂಡ ಗುಲಾಮರ ದಳ. ಸಮಾನ ಸಂಬಳದ ಮಾತು ನಂಬಿ ಸೇರಿದ್ದ ವಾಕರ್, ಮಾತು ತಪ್ಪಿದಾಗ 1863ರ ನವೆಂಬರಿನಲ್ಲಿ ತನ್ನ ಕಂಪನಿಯವರನ್ನು ಕರೆದುಕೊಂಡು ಹೋಗಿ ನಾಯಕನ ಗುಡಾರದ ಮುಂದೆ ಬಂದೂಕುಗಳನ್ನು ಇಳಿಸಿದ. ಯಾರ ಮೇಲೂ ಗುಂಡು ಹಾರಿಸಲಿಲ್ಲ. ಸೇನಾ ನ್ಯಾಯಾಲಯ ಅದನ್ನು ದಂಗೆಯೆಂದು ತೀರ್ಮಾನಿಸಿತು. 1864ರ ಫೆಬ್ರವರಿ 29ರಂದು ಅವನದೇ ಸೈನ್ಯ ಅವನನ್ನು ಗುಂಡಿಕ್ಕಿ ಕೊಂದಿತು. ಸೈನಿಕನೆಂದು ಅವನಿಗೆ ಸಂಬಳ ಕೊಡಲು ಕಾನೂನು ಸಿಗದ ಸರ್ಕಾರಕ್ಕೆ, ಸೈನಿಕನೆಂದು ಅವನನ್ನು ಕೊಲ್ಲಲು ಮಾತ್ರ ಕಾನೂನು ಸಿಕ್ಕಿತಲ್ಲ ಎಂಬರ್ಥದಲ್ಲಿ ಗವರ್ನರ್ ಆಂಡ್ರೂ ನೊಂದು ನುಡಿದರು. ಶಿಸ್ತು ಒಂದೇ ಕಡೆಗೆ ಬಿಗಿಯುವ ಹಗ್ಗವಾದಾಗ ಅದನ್ನು ಶಿಸ್ತೆಂದು ಕರೆಯಲು ನನಗೆ ಬಾಯಿ ಬಾರದು.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಅದನ್ನು ಆಡಿದವರು ಅಧ್ಯಕ್ಷ ಲಿಂಕನ್. 1863ರ ಆಗಸ್ಟಿನಲ್ಲಿ ಡಗ್ಲಸ್ ಅವರು ಶ್ವೇತಭವನಕ್ಕೆ ಹೋಗಿ ಈ ಅನ್ಯಾಯವನ್ನು ಮುಂದಿಟ್ಟರು. ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸುವುದೇ ಅನೇಕ ಬಿಳಿಯರಿಗೆ ಸಹ್ಯವಿಲ್ಲ, ಕಡಿಮೆ ಸಂಬಳವು ಆ ಪೂರ್ವಗ್ರಹಕ್ಕೆ ಅನಿವಾರ್ಯವಾಗಿ ಕೊಟ್ಟ ಒಂದು ರಿಯಾಯಿತಿ, ಕೊನೆಗೆ ಸಮಾನ ಸಂಬಳ ಬಂದೇ ಬರುವುದು ಎಂಬುದು ಲಿಂಕನ್ನರ ಸಮಾಧಾನ. ಲಿಂಕನ್ನರು ದುಷ್ಟರಲ್ಲ. ರಾಜಕಾರಣದ ಕಷ್ಟ ಬಲ್ಲವರು, ತಮ್ಮನ್ನು ನೋಡಬಂದ ಕಪ್ಪು ಮನುಷ್ಯನನ್ನು ಸಮನಾಗಿ ಕಂಡವರು. ಡಗ್ಲಸ್ ಅವರೇ ಇದನ್ನು ಒಪ್ಪಿದ್ದಾರೆ. ಆದರೂ ಆ ರಿಯಾಯಿತಿಯ ಬೆಲೆ ತೆತ್ತವರು ಯಾರು? ಪೂರ್ವಗ್ರಹ ಇದ್ದದ್ದು ಒಬ್ಬರಿಗೆ, ಅದರ ತೆರಿಗೆ ಕಟ್ಟಿದ್ದು ಇನ್ನೊಬ್ಬರು. ಕಾಲ ಪಕ್ವವಾಗಲಿ ಎನ್ನುವವರು ಯಾವಾಗಲೂ ತಮ್ಮ ತಿಂಗಳ ಸಂಬಳವನ್ನು ತಪ್ಪದೆ ಪಡೆಯುವವರೇ ಆಗಿರುತ್ತಾರೆ.

ಕಟ್ಟಿಕೊಂಡಿದ್ದ ಗಂಟು ಬಿಚ್ಚತೊಡಗಿದ್ದು ಒಬ್ಬ ಧರ್ಮಬೋಧಕರ ಸಂಬಳದಿಂದ. ಮಸಾಚುಸೆಟ್ಸಿನ ಪಿಟ್ಸ್‌ಫೀಲ್ಡ್ ಪಟ್ಟಣದ ಪ್ರೊಟೆಸ್ಟೆಂಟ್ ಸಭಾಪಾಲಕರಾಗಿದ್ದ ಸ್ಯಾಮ್ಯುಯೆಲ್ ಹ್ಯಾರಿಸನ್, ಗುಲಾಮರಾಗಿಯೇ ಹುಟ್ಟಿದವರು, 54ನೆಯ ದಳದ ಗುರುಗಳಾಗಿ ಸೇರಿದರು. ಸೈನ್ಯದ ಗುರುವಿಗೆ ತಿಂಗಳಿಗೆ 100 ಡಾಲರ್ ಗೊತ್ತಾಗಿತ್ತು. ಬಟವಾಡೆಯ ಅಧಿಕಾರಿ ಅವರ ಮುಖ ನೋಡಿ ಹತ್ತೇ ಡಾಲರ್ ಎಂದ. ಅವರೂ ಒಲ್ಲೆನೆಂದರು. ಪ್ರಾರ್ಥನೆ ಹೇಳುವವರು ಹಣದ ಮಾತೆತ್ತಬಾರದೆಂಬ ಹುಸಿ ಸಂಕೋಚ ಅವರನ್ನು ಕಟ್ಟಿಹಾಕಲಿಲ್ಲ. ವಿಷಯ ಅಟಾರ್ನಿ ಜನರಲ್ ಎಡ್ವರ್ಡ್ ಬೇಟ್ಸ್ ಅವರ ಮೇಜಿಗೆ ಹೋಯಿತು. ಮಿಲಿಷಿಯ ಕಾಯಿದೆಯ ಹತ್ತು ಡಾಲರ್ ಇವರಿಗೆ ಅನ್ವಯಿಸದು, ಪೂರ್ಣ ಸಂಬಳ ಸಲ್ಲತಕ್ಕದ್ದು ಎಂದು 1864ರ ಏಪ್ರಿಲಿನಲ್ಲಿ ಬೇಟ್ಸ್ ಅಭಿಪ್ರಾಯ ಕೊಟ್ಟರು. ಗುರುಗಳು ತಮ್ಮ ಬಾಕಿಗಾಗಿ ಹಟ ಹಿಡಿದದ್ದು ಮಂದೆಗೆಲ್ಲ ಉಪಕಾರವಾಯಿತು.

1864ರ ಜೂನ್ 15ರಂದು ಅಮೆರಿಕದ ಸಂಸತ್ತು ಸಮಾನ ಸಂಬಳದ ಕಾಯಿದೆಯನ್ನು ಒಪ್ಪಿತು. ಒಪ್ಪುವಾಗಲೂ ಒಂದು ಮುಳ್ಳನ್ನು ಉಳಿಸಿತು: 1861ರ ಏಪ್ರಿಲ್ 19ರಂದು ಸ್ವತಂತ್ರರಾಗಿದ್ದವರಿಗೆ ಮಾತ್ರ ಸೈನ್ಯ ಸೇರಿದ ದಿನದಿಂದ ಬಾಕಿ, ಅಂದು ಗುಲಾಮರಾಗಿದ್ದವರಿಗೆ 1864ರ ಜನವರಿಯಿಂದ ಮಾತ್ರ. ಒಂದೇ ಗುಡಾರದಲ್ಲಿ ಮಲಗಿದವರನ್ನು ಎರಡಾಗಿ ಒಡೆಯುವ ಉಪಾಯ. ಕರ್ನಲ್ ಶಾ ಅವರ ಸ್ಥಾನಕ್ಕೆ ಬಂದಿದ್ದ ಎಡ್ವರ್ಡ್ ಹ್ಯಾಲೊವೆಲ್ ಕ್ವೇಕರ್ ಮನೆತನದವರು. ಅವರು ಒಂದು ಪ್ರಮಾಣವಚನ ರಚಿಸಿದರು. ಆ ದಿನದಂದು ಯಾವ ಮನುಷ್ಯನಿಗೂ ಕೂಲಿಯಿಲ್ಲದ ದುಡಿಮೆಯನ್ನು ಸಲ್ಲಿಸುವ ಹೊಣೆ ನನ್ನ ಮೇಲಿರಲಿಲ್ಲ ಎಂಬುದು ಅದರ ತಾತ್ಪರ್ಯ. ಗುಲಾಮನಾಗಿದ್ದವನೂ ಆತ್ಮಸಾಕ್ಷಿಗೆ ವಿರೋಧವಿಲ್ಲದೆ ಕೈಯೆತ್ತಿ ಅದನ್ನು ಹೇಳಬಹುದಾಗಿತ್ತು. ಏಕೆಂದರೆ ದೇವರ ಮುಂದೆ ಅಂಥ ಹೊಣೆ ಯಾವ ಮನುಷ್ಯನ ಮೇಲೆಯೂ ಎಂದೂ ಇರಲಿಲ್ಲ. ಇದನ್ನು ಜಾಣತನದ ಸುಳ್ಳೆನ್ನುವವರುಂಟು. ಸಂಸತ್ತಿನ ಕಾಯಿದೆಗಿಂತ ಆ ಪ್ರಮಾಣದಲ್ಲಿ ಹೆಚ್ಚು ಸತ್ಯವಿತ್ತೆಂದು ನಾನು ವಾದಿಸುತ್ತೇನೆ.

ಯುದ್ಧ ಮುಗಿಯುವ ವೇಳೆಗೆ ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದರು. ಸುಮಾರು 40,000 ಮಂದಿ ಸತ್ತಿದ್ದರು, ಹೆಚ್ಚಿನವರು ರೋಗರುಜಿನಗಳಿಂದ. ಬಾಸ್ಟನ್ನಿನಲ್ಲಿ 54ನೆಯ ದಳದ ಭವ್ಯ ಕಂಚಿನ ಸ್ಮಾರಕ 1897ರಲ್ಲಿ ಅನಾವರಣಗೊಂಡಿತು. ಕುದುರೆಯ ಮೇಲೆ ಕರ್ನಲ್ ಶಾ, ಪಕ್ಕದಲ್ಲಿ ಹೆಜ್ಜೆ ಹಾಕುತ್ತಿರುವ ಕಪ್ಪು ಸೈನಿಕರು. ಸತ್ತ ಬಿಳಿಯ ಅಧಿಕಾರಿಗಳ ಹೆಸರುಗಳು ಅದರ ಮೇಲಿದ್ದವು. ಮಡಿದ ಕಪ್ಪು ಸೈನಿಕರ ಹೆಸರುಗಳನ್ನು ಕೆತ್ತಿದ್ದು 1980ರ ದಶಕದಲ್ಲಿ.

ಆ ದಳದಲ್ಲಿ ಜೇಮ್ಸ್ ಹೆನ್ರಿ ಗುಡಿಂಗ್ ಎಂಬ ಕಾರ್ಪೊರಲ್ ಇದ್ದ. ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ದುಡಿದವನು; ಯುದ್ಧರಂಗದಿಂದ ತನ್ನೂರಾದ ನ್ಯೂ ಬೆಡ್‌ಫರ್ಡಿನ ಪತ್ರಿಕೆಗೆ ವರದಿಗಳನ್ನು ಬರೆಯುತ್ತಿದ್ದವನು. 1863ರ ಸೆಪ್ಟೆಂಬರ್ 28ರಂದು ಅವನು ಅಧ್ಯಕ್ಷ ಲಿಂಕನ್ನರಿಗೆ ನೇರವಾಗಿ ಒಂದು ಪತ್ರ ಬರೆದ. ಅದರಲ್ಲಿ ಗೋಳಾಟವಿಲ್ಲ, ಮುಖಸ್ತುತಿಯೂ ಇಲ್ಲ. ನಾವು ಸೈನಿಕರೋ ಕೂಲಿಯಾಳುಗಳೋ ಎಂಬುದನ್ನು ತಾವೇ ಹೇಳಬೇಕು, ಸೈನಿಕರ ಕರ್ತವ್ಯವನ್ನು ಮಾಡಿದ ಮೇಲೆ ಸೈನಿಕರ ಸಂಬಳವೇಕಿಲ್ಲ ಎಂಬ ಒಂದೇ ಪ್ರಶ್ನೆಯನ್ನು ವಿನಯದಿಂದ ಮುಂದಿಟ್ಟ. ಮುಂದಿನ ಫೆಬ್ರವರಿಯಲ್ಲಿ ಒಲಸ್ಟಿಯಲ್ಲಿ ಗಾಯಗೊಂಡು ಬಿದ್ದ; ಸತ್ತನೆಂದೇ ಎಲ್ಲರೂ ಎಣಿಸಿದರು. ವಾಸ್ತವದಲ್ಲಿ ಅವನು ಶತ್ರುಗಳ ಕೈಗೆ ಸಿಕ್ಕಿ, ಸಾವಿರಾರು ಕೈದಿಗಳು ಹಸಿವು ರೋಗಗಳಿಂದ ಸತ್ತ ಜಾರ್ಜಿಯದ ಆಂಡರ್ಸನ್‌ವಿಲ್ ಸೆರೆಶಿಬಿರವನ್ನು ಸೇರಿದ್ದ. 1864ರ ಜುಲೈ 19ರಂದು ಅಲ್ಲಿ ಪ್ರಾಣಬಿಟ್ಟ. 54ನೆಯ ದಳದ ಶಿಬಿರಕ್ಕೆ ಬಟವಾಡೆಯ ಅಧಿಕಾರಿ ಪೂರ್ಣ ಸಂಬಳದೊಡನೆ ಬಂದದ್ದು ಅದೇ ವರ್ಷದ ಸೆಪ್ಟೆಂಬರಿನ ಕೊನೆಯಲ್ಲಿ. ಗುಡಿಂಗ್ ಪತ್ರ ಬರೆದು ಹೆಚ್ಚುಕಡಿಮೆ ಒಂದು ವರ್ಷಕ್ಕೆ.